ಟೇಲಿಂಗ್‌ನ್ಯಾಗ ತಾಮ್ರ ಹರಿದ್ ಹೋಗ್ಲಕತ್ತದ, ಜಾಂಥೇಟ್ ಎಷ್ಟ್ ಹಾಕಿದ್ರೂ ರಿಕವರಿ ಏರವಲ್ದು

ಸೇಡಂ_ಹುಡುಗ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರಿ. ನಾ ಸೇಡಂ ಕಡಿಯಾಂವ, ಸಂಡೂರ ಹತ್ರ ನಂದಿಹಳ್ಳಿಯಾಗ ಮಿನರಲ್ ಪ್ರೊಸೆಸಿಂಗ್ ಓದಿ ಈಗ ಬ್ಯಾರೆ ರಾಜ್ಯದಾಗ ಒಂದ್ ತಾಮ್ರದ ಪ್ಲಾಂಟ್‌ನ್ಯಾಗ ಫ್ಲೋಟೇಷನ್ ಶಿಫ್ಟ್ ನೋಡ್ಕೋತೀನಿ, ಅಂದ್ರ ಬೀಸಿದ ಅದಿರಿಗೆ ನೀರು, ಔಷಧ ಹಾಕಿ ಗಾಳಿ ಊದಿ ತಾಮ್ರದ ಕಣ ನೊರಿಯಾಗ ತೇಲಿಸೋ ಕೆಲಸ. ಪ್ಲಾಂಟ್ ಹೆಸರು ಕೇಳಬ್ಯಾಡ್ರಿ, ಹೊಟ್ಟಿಪಾಡಿನ ಪ್ರಶ್ನೆ. ತಂಗಿ ಮದುವಿಗಂತ ಹದಿನೈದ್ ದಿನ ರಜಾ ಹಾಕಿ ಕಲಬುರಗಿಗೆ ಬಂದೀನಿ ಆದ್ರ ಫೋನ್ ಎಲ್ಲಿ ಬಿಡ್ತದ, ದಿನಾ ಮುಂಜಾನೆ ಗೆಳೆಯ ಶಿಫ್ಟ್ ಬುಕ್ ಫೋಟೊ ಹಾಕ್ತಾನ, ಅದನ್ನ ನೋಡಿದ ಮ್ಯಾಲ ಚಹಾ ಗಂಟಲಾಗ ಇಳಿಯಂಗಿಲ್ಲ.

ವಿಷಯ ಹೀಂಗದ. ಅದಿರು ಚಾಲ್ಕೊಪೈರೈಟ್ (ತಾಮ್ರ, ಕಬ್ಬಿಣ, ಗಂಧಕದ ಖನಿಜ), ಜೋಡಿಗೆ ಜರಾ ಪೈರೈಟ್ (ಬರೀ ಕಬ್ಬಿಣ, ಗಂಧಕದ ಖನಿಜ), ಉಳಿದದ್ದೆಲ್ಲ ಬಿಳಿ ಕ್ವಾರ್ಟ್ಜ್. ಫೀಡ್, ಅಂದ್ರ ಒಳಗ ಹೋಗೋ ಅದಿರು, 1.0% ತಾಮ್ರ; ಕಾನ್ಸಂಟ್ರೇಟ್, ಅಂದ್ರ ನೊರಿಲಿಂದ ತೆಗೆದ ಮಾಲು, 22%. ಮೊದಲ ಟೇಲಿಂಗ್‌ನ್ಯಾಗ (ಬಿಸಾಡೋ ಕೆಸರು) ತಾಮ್ರ 0.12% ಇರ್ತಿತ್ತು, ರಿಕವರಿ (ಅದಿರಿನ ತಾಮ್ರದಾಗ ನಮ್ಮ ಕೈಗೆ ಸಿಗೋ ಪಾಲು) 88% ದಾಟ್ತಿತ್ತು. ಈಗ ಮೂರ್ ತಿಂಗಳಿಂದ ಟೇಲಿಂಗ್ 0.18ಕ್ಕ ಬಂದು ಕುಂತದ, ಹಿಸಾಬ್ ಹಾಕಿದ್ರ ರಿಕವರಿ 82.7. ಮ್ಯಾನೇಜರ್ ಸಾಹೇಬ್ರು ಜಾಂಥೇಟ್ (ತಾಮ್ರದ ಕಣ ಹಿಡಿಯೋ ಔಷಧ, ಕಲೆಕ್ಟರ್ ಅಂತಾರ) ಹೆಚ್ಚ ಹಾಕ್ರಿ ಅಂದ್ರು, ಟನ್ನಿಗೆ 25 ಗ್ರಾಂ ಇದ್ದದ್ದು 45 ಮಾಡಿದ್ವಿ. ಎರಡ್ ದಿನ ಏನೋ ಆದಂಗ ಅನಿಸ್ತು, ಆಮ್ಯಾಲ ಪೈರೈಟ್ ಎಲ್ಲಾ ನೊರಿ ಮ್ಯಾಲ ಏರಿ ಕಾನ್ಸಂಟ್ರೇಟ್ 18ಕ್ಕ ಬಿತ್ತು, ಟೇಲಿಂಗ್ ಮಾತ್ರ ಅಲ್ಲೇ. ಮತ್ತ 25ಕ್ಕ ಇಳಿಸಿ ಸುಣ್ಣ ಏರಿಸಿ ಪಿಎಚ್ 10.5ರಿಂದ 11.5 ಮಾಡಿದ್ವಿ, ಗ್ರೇಡ್ ವಾಪಸ್ ಬಂತು ರಿಕವರಿ ಬರ್ಲಿಲ್ಲ. ನೊರಿ ಏಳಿಸೋ ಫ್ರಾದರ್ ಹೆಚ್ಚ ಮಾಡಿದ ದಿನ ನೊರಿ ತನ್ನ ಕಾಲುವಿ (ಲಾಂಡರ್) ದಾಟಿ ನೆಲದ ಮ್ಯಾಲ ಹರಿದು ರಾತ್ರಿ ಪೂರ್ತಿ ಹೋಸ್ ಪೈಪ್ ಹಿಡ್ಕೊಂಡು ತೊಳೆದೀವಿ.

ಇನ್ನ ಯಾವ ರಿಯೇಜೆಂಟ್ (ಔಷಧ) ನೋಡ್ಬೇಕು ಹೇಳ್ರಿ. ಥಯೋನೊಕಾರ್ಬಮೇಟ್ ಅನ್ನೋ ಬ್ಯಾರೆ ಕಲೆಕ್ಟರ್ ಮಾರೋ ಕಂಪನಿಯವ ಸ್ಯಾಂಪಲ್ ಕೊಟ್ ಹೋಗ್ಯಾನ, ಹಾಕಿ ನೋಡ್ಲೇನು?

---

ಕೃಷ್ಣಾ_ದಂಡಿ, ಯಾದಗಿರಿ:

ಏ ಭಾಯ್, ಇದು ನೂರಕ್ಕ ನೂರು ಆಕ್ಸಿಡೇಷನ್. ಅದಿರು ಸ್ಟಾಕ್‌ಯಾರ್ಡ್‌ನ್ಯಾಗ ಎಷ್ಟ್ ದಿನದಿಂದ ಬಿದ್ದದ? ಮಳಿ ಬಿದ್ದ ಮ್ಯಾಲ ಹಸರ ಬಣ್ಣ ಬಂದದೇನು ನೋಡು, ಬಂದಿದ್ರ ಅದು ಮ್ಯಾಲಕೈಟ್, ಗಾಳಿ ನೀರಿಗೆ ಬದಲಾದ ತಾಮ್ರದ ಖನಿಜ, ಜಾಂಥೇಟಿಗೆ ಸರಿಯಾಗಿ ಸಿಗಂಗಿಲ್ಲ. ಸೋಡಿಯಂ ಹೈಡ್ರೋಸಲ್ಫೈಡ್ ಹಾಕು, ಆಕ್ಸೈಡ್ ಮ್ಯಾಲ ಸಲ್ಫೈಡ್ ಪದರ ಕುಂದರ್ತದ, ಆಮ್ಯಾಲ ಕಲೆಕ್ಟರ್ ಹಿಡೀತದ. ನಾ ಆಫ್ರಿಕಾದಾಗ ಎರಡ್ ವರ್ಷ ಇದೇ ಮಾಡೀನಿ.

ಅಂದಂಗ ನಮ್ಮ ಸುರಪುರ ತಾಲೂಕಿನ ತಿಂಥಣಿ ಕಡೆಯೂ ತಾಮ್ರದ ಅದಿರು ಅದ, ಮೌನೇಶ್ವರನ ಜಾತ್ರಿಗೆ ಹೋದಾಗ ನೆಲ ನೋಡ್ಕೋಂತ ತಿರುಗೋದು ನನ್ನ ಚಟ, ಮನಿಯಾಕಿ ಬೈತಾಳ.

---

ಬೀದರ್_ಕೆಮಿಸ್ಟ್ರಿ_ಮೇಡಂ:

ಹೈಡ್ರೋಸಲ್ಫೈಡ್ ಅಂದಕೂಡ್ಲೇ ಡ್ರಮ್ ಎತ್ಕೊಂಡ್ ಹೋಗಬ್ಯಾಡ್ರಪ್ಪ. ಪಿಎಚ್ ಕೆಳಗ ಜಾರಿದ್ರ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಏಳ್ತದ, ಮೊದಲ ಕೊಳೆತ ತತ್ತಿ ವಾಸನಿ ಬರ್ತದ, ಜರಾ ಹೆಚ್ಚಾದ್ರ ಮೂಗೇ ಸತ್ತು ವಾಸನಿ ಬರೋದೇ ನಿಂತ್ ಹೋಗ್ತದ, ಹೋಯ್ತು ಅಂತ ಸಮಾಧಾನ ಆಗೋ ಹೊತ್ತಿಗೆ ಮನುಷ್ಯ ನೆಲಕ್ಕ ಬಿದ್ದಿರ್ತಾನ. ಡೋಸ್ ಹೆಚ್ಚಾದ್ರ ಅದೇ ಸಲ್ಫೈಡ್ ಚಾಲ್ಕೊಪೈರೈಟನ್ನೂ ಮುಳುಗಿಸ್ತದ, ಅದಕ್ಕೇ ಎಲೆಕ್ಟ್ರೋಡ್ ಇಟ್ಟು ಪೊಟೆನ್ಷಿಯಲ್ ನೋಡ್ಕೋಂತ ಹಾಕ್ತಾರ.

ಆಕ್ಸೈಡ್ ಹೌದೋ ಅಲ್ಲೋ ತಿಳಿಯೋದು ಲ್ಯಾಬ್‌ನ್ಯಾಗ ಸುಲಭ. ಟೇಲಿಂಗ್ ಪುಡಿಯನ್ನ ತಣ್ಣನ 5% ಸಲ್ಫ್ಯೂರಿಕ್ ಆಸಿಡ್‌ನ್ಯಾಗ ಅಲುಗಾಡಿಸ್ರಿ, ಮ್ಯಾಲಕೈಟ್ ಇದ್ರ ಕರಗ್ತದ, ಚಾಲ್ಕೊಪೈರೈಟ್ ಹಂಗೇ ಕುಂದರ್ತದ. ಒಟ್ಟು 0.18ರಾಗ ಆಸಿಡ್‌ಗೆ ಕರಗೋದು ಎಷ್ಟದ ಅನ್ನೋದು ಬರಲಿ, ಆಮ್ಯಾಲ ಮಾತಾಡೋಣ.

ಕಲೆಕ್ಟರ್ ಡಬಲ್ ಮಾಡಿದ್ರ ತಾಮ್ರ ಯಾಕ ಡಬಲ್ ಆಗಂಗಿಲ್ಲ ಅನ್ನೋದನ್ನ ನಾ ಹುಡುಗ್ರಿಗೆ ನಮ್ಮ ಬಿದ್ರಿ ಕೆಲಸ ತೋರ್ಸಿ ಹೇಳ್ತೀನಿ. ಬಿದ್ರಿ ಪಾತ್ರಿ ಅಂದ್ರ ಹೆಚ್ಚು ಕಡಿಮಿ 16 ಪಾಲು ಸತು, 1 ಪಾಲು ತಾಮ್ರ. ಕಟ್ಟಕಡೀಗೆ ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿ ಹಚ್ಚಿದಾಗ ಸತುವಿನ ಮೈ ಕರ್ರಗಾಗ್ತದ, ಒಳಗ ಕೂಡಿಸಿದ ಬೆಳ್ಳಿ ಎಳಿ ಮಾತ್ರ ಬೆಳ್ಳಗೇ ಉಳೀತದ. ಒಂದೇ ಮಣ್ಣು, ಒಂದ್ ಮೈ ಹಿಡೀತದ ಇನ್ನೊಂದ್ ಬಿಡ್ತದ. ಜಾಂಥೇಟೂ ಹಂಗೇ, ಗಂಧಕದ ಖನಿಜದ ಮೈಗೆ ಅಂಟ್ಕೊಂಡು ಅದಕ್ಕ ನೀರು ಬ್ಯಾಡಾಗೋಹಂಗ ಮಾಡ್ತದ, ಆಗ ಅದು ಗಾಳಿ ಗುಳ್ಳಿ ಹಿಡ್ಕೊಂಡು ಮ್ಯಾಲ ಹೋಗ್ತದ, ಕ್ವಾರ್ಟ್ಜ್‌ಗೆ ಅಂಟಂಗಿಲ್ಲ. ಆದ್ರ ತಾಮ್ರದ ಕಣದ ಮೈ ಹೊರಗ ಕಾಣ್ಬೇಕಲ್ಲ! ಕ್ವಾರ್ಟ್ಜ್ ಹೊಟ್ಟಿಯೊಳಗ ಸಿಕ್ಕೊಂಡಿದ್ರ ನೀವು ಎಷ್ಟ್ ಜಾಂಥೇಟ್ ಸುರುವಿದ್ರೂ ಅದು ಪೈರೈಟಿಗೇ ಹೋಗಿ ಹತ್ತೋದು. ನಿಮಗ ಆಗಿದ್ದೂ ಅದೇ.

ಇನ್ನೊಂದು, ಜಾಂಥೇಟ್ ಡ್ರಮ್ ಬಾಯಿ ತೆರದಿಟ್ಟಿಲ್ಲ ಹೌದಲ್ಲೋ? ತಂಪು ಹಿಡಿದು ಗಂಟು ಗಂಟು ಆಗಿ ಕೊಳೆತ ಗೋಬಿ ವಾಸನಿ ಬಂದ್ರ ಮಾಲ್ ಕೆಟ್ಟದ ಅಂತ ಅರ್ಥ, ಅದ್ರಾಗಿಂದ ಕಾರ್ಬನ್ ಡೈಸಲ್ಫೈಡ್ ಬರ್ತಿರ್ತದ, ಹತ್ರ ಬೀಡಿ ಹಚ್ಚೋರನ್ನ ಬಿಡಬ್ಯಾಡ್ರಿ. ಕಲಸಿದ ದ್ರಾವಣನೂ ದಿನ ಎರಡ್ ದಿನದಾಗ ಮುಗಿಸ್ಬೇಕು.

---

ಶಹಾಬಾದ್_ಕಾಕಾ:

ತಮ್ಮಾ, ನಾ ಮೂವತ್ತೊಂದು ವರ್ಷ ಸಿಮೆಂಟ್ ಮಿಲ್ ತಿರುಗಿಸಿದಾಂವ, ಅದ್ಕೂ ಮೊದಲ ಐದ್ ವರ್ಷ ಅದಿರು ಪ್ಲಾಂಟ್‌ನ್ಯಾಗ ನೀರು ಹಾಕಿ ಬೀಸೋ ಮಿಲ್ ನೋಡೀನಿ. ನೊರಿ ನನಗ ಅಷ್ಟ್ ತಿಳಿಯಂಗಿಲ್ಲ ಆದ್ರ ನೀ ಬರೆದದ್ದ ಪೂರಾ ಓದಿದೆ, ಜಾಂಥೇಟ್ ಅದ ಸುಣ್ಣ ಅದ ಫ್ರಾದರ್ ಅದ, ಮಿಲ್ ಅನ್ನೋ ಮಾತೇ ಇಲ್ಲ. ಅದಿರು ಎಷ್ಟ್ ಸಣ್ಣ ಬೀಸ್ಲಕತ್ತೀರಿ? ಮೂರ್ ತಿಂಗಳ ಹಿಂದ ಟನೇಜ್ ಎಷ್ಟಿತ್ತು ಈಗ ಎಷ್ಟದ? ಹೊಸಾ ಔಷಧ ಕೊಡೋಕಿಂತ ಮೊದಲ ರೋಗ ಎಲ್ಲದ ಅಂತ ನೋಡ್ಬೇಕಲ್ಲೋ.

ಟೇಲಿಂಗ್ ಒಂದ್ ಶಿಫ್ಟಿನದು ಸ್ಯಾಂಪಲ್ ತಗೋ. ಜರಡಿ ಹಿಡಿದು 150, 75, 38 ಮೈಕ್ರಾನ್ ಮ್ಯಾಲ ಹಸಿ ಜಾಲಿಸು, ಒಂದೊಂದು ಪಾಲನ್ನ ಒಣಗಿಸಿ ತೂಕ ಹಾಕಿ ಬ್ಯಾರೆ ಬ್ಯಾರೆ ಅಸ್ಸೆ (ತಾಮ್ರ ಎಷ್ಟದ ಅನ್ನೋ ಪರೀಕ್ಷೆ) ಮಾಡ್ಸು. ಒಟ್ಟು 0.18 ಅನ್ನೋ ನಂಬರ್ ಏನೂ ಹೇಳಂಗಿಲ್ಲ, ಆ 0.18 ಎಲ್ಲಿ ಅಡಗಿ ಕುಂತದ ಅನ್ನೋದು ಹೇಳ್ತದ.

---

ಬೀದರ್_ಕೆಮಿಸ್ಟ್ರಿ_ಮೇಡಂ:

ಕಾಕಾ ಖರೇ ಹೇಳ್ಯಾರ. 38ರ ಕೆಳಗಿನದನ್ನೂ ಒಡೀರಿ, ಸಣ್ಣ ಕಣ ವಿಂಗಡಿಸೋ ಸೈಕ್ಲೋಸೈಜರ್ ಇಲ್ಲಂದ್ರ ಬೀಕರ್ ಸಾಕು. 10 ಮೈಕ್ರಾನ್ ಕ್ವಾರ್ಟ್ಜ್ ಕಣ 20 ಡಿಗ್ರಿ ನೀರಾಗ 10 ಸೆಂಟಿಮೀಟರ್ ಇಳಿಯಾಕ ಸುಮಾರು 18-19 ನಿಮಿಷ ತಗೋತದ. ಚೊಲೋ ಕಲಕಿ ಬಿಟ್ಟು, ಅಷ್ಟ್ ಹೊತ್ತಾದ ಮ್ಯಾಲ ಮ್ಯಾಲಿನ 10 ಸೆಂಟಿಮೀಟರ್ ನೀರು ಪೈಪ್‌ಲಿಂದ ಎಳೀರಿ, ಮತ್ತ ನೀರ್ ಹಾಕಿ ಕಲಕ್ರಿ, ಎಳಿಯೋ ನೀರು ತಿಳಿಯಾಗೋ ತನಕ ಮಾಡ್ರಿ. ನೀರಿನ ಬಿಸಿ ನೋಡ್ಕೋರಿ, ನಮ್ಮ ಕಡಿ ಬೇಸಿಗಿ 35 ಡಿಗ್ರಿ ನೀರಾದ್ರ 13 ನಿಮಿಷಕ್ಕೇ ಇಳಿದ್ ಬಿಡ್ತದ. ಚಾಲ್ಕೊಪೈರೈಟ್ ಭಾರ, ಅದಕ್ಕ ಇದೇ ಲೆಕ್ಕದಾಗ 7 ಮೈಕ್ರಾನ್ ಕಣ ಬರ್ತದ, ಅದೂ ನೆನಪಿರಲಿ.

---

ಸೇಡಂ_ಹುಡುಗ:

ಕಾಕಾ, ಮೇಡಂ, ಅವತ್ತೇ ಗೆಳೆಯನಿಗೆ ಫೋನ್ ಹಚ್ಚಿ ಮಾಡಿಸ್ದೆ, ಪಾಪ ಎರಡ್ ದಿನ ಡಬಲ್ ಶಿಫ್ಟ್ ಕುಂತು ಮಾಡ್ಯಾನ. ಮೊದಲ ಆಸಿಡ್‌ದು ಹೇಳ್ತೀನಿ, 0.18ರಾಗ ಕರಗಿದ್ದು ಬರೀ 0.02. ಅಂದ್ರ ಯಾದಗಿರಿ ಅಣ್ಣಾರು ಹೇಳಿದ್ದು ನಮಗ ಹೊಂದಂಗಿಲ್ಲ ಅನಿಸ್ತದ.

ಈಗ ಜರಡಿದು. 150ರ ಮ್ಯಾಲಿಂದು ತೂಕ 18%, ಅದ್ರಾಗ ತಾಮ್ರ 0.42! 150ರಿಂದ 75 ತೂಕ 24%, ತಾಮ್ರ 0.16. 75ರಿಂದ 38 ತೂಕ 20%, ತಾಮ್ರ 0.07. 38ರಿಂದ 10 ಅದೂ 20%, 0.08. 10ರ ಕೆಳಗ 18%, 0.20. ಗುಣಿಸಿ ಕೂಡಿಸಿದ್ರ ಬರೊಬ್ಬರಿ 0.18 ಬರ್ತದ. ಹೋಗೋ ತಾಮ್ರದಾಗ 42 ಪಾಲು 150ರ ಮ್ಯಾಲಿನ ದಪ್ಪ ಕಣದಾಗೇ ಅದ, 20 ಪಾಲು 10ರ ಕೆಳಗಿನ ಕೆಸರಿನ್ಯಾಗ ಅದ. ನಡುವ ಇರೋ 10ರಿಂದ 75, ತೂಕದಾಗ 40% ಇದ್ದೂ ಬರೀ 17 ಪಾಲು.

ಟನೇಜ್ ಕೇಳಿದ್ರಿ, ತಾಸಿಗೆ 100 ಇತ್ತು, ಮೂರ್ ತಿಂಗಳ ಹಿಂದ 120 ಮಾಡ್ಯಾರ. ಮತ್ತ ಬೇಸಿಗಿ ಅಂತ ಸಂಪಿನ (ಸೈಕ್ಲೋನ್‌ಗೆ ಪಂಪ್ ಮಾಡೋ ತೊಟ್ಟಿ) ನೀರು ಕಡಿಮಿ ಮಾಡ್ಯಾರ, ದಪ್ಪ ಕಣ ಕೆಳಗ ಮಿಲ್ಲಿಗೆ, ಸಣ್ಣದು ಮ್ಯಾಲಿಂದ ಫ್ಲೋಟೇಷನ್‌ಗೆ ಕಳಿಸೋ ಸೈಕ್ಲೋನ್‌ನ ಓವರ್‌ಫ್ಲೋದಾಗ ಸಾಲಿಡ್ಸ್ (ಗಟ್ಟಿ ಮಾಲು) 32% ಇದ್ದದ್ದು 39% ಆಗ್ಯದ. ಇದನ್ನ ಬರೀಲಾಕ ನನಗೇ ನಾಚಿಗಿ ಬರ್ತದ್ರಿ, ಶಿಫ್ಟ್ ಬುಕ್‌ನ್ಯಾಗೇ ಎಲ್ಲಾ ಇತ್ತು, ನಾ ರಿಯೇಜೆಂಟ್ ಕಾಲಂ ಒಂದೇ ನೋಡ್ಲಕತ್ತಿದ್ದೆ.

---

ದಾಲ್_ಮಿಲ್_ವಾಲಾ, ಕಲಬುರಗಿ:

ನಾ ತೊಗರಿ ಮಿಲ್ಲಿನಾಂವ, ಸುಮ್ನ ಓದ್ಲಕತ್ತಿದ್ದೆ, ಇದು ಪೂರಾ ನಮ್ಮ ಕಥಿನೇ ಅದ. ಕಾಳು ಕಡಿಮಿ ತಿಕ್ಕಿದ್ರ ಸಿಪ್ಪಿ ಬಿಡಂಗಿಲ್ಲ, ಹೆಚ್ಚ ತಿಕ್ಕಿದ್ರ ನುಚ್ಚಾಗ್ತದ, ನುಚ್ಚಿಗೆ ರೇಟ್ ಇಲ್ಲ. ಸೀಸನ್‌ನ್ಯಾಗ ಗಾಡಿ ಸಾಲು ನಿಂತಾವಂತ ಮಿಲ್ಲಿಗೆ ಹೆಚ್ಚ ಕಾಳು ನೂಕಿದ್ರ ಸಿಪ್ಪಿ ಸಮೇತ ಬ್ಯಾಳಿ ಬರ್ತದ, ಆಗ ಎಣ್ಣಿ ಹೆಚ್ಚ ಹಚ್ಚು ಅಂತ ಹೇಳೋ ಮಾಲೀಕರೂ ಅದಾರ. ನಮ್ಮಪ್ಪನೂ ಅದ್ರಾಗ ಒಬ್ರು.

---

ಶಹಾಬಾದ್_ಕಾಕಾ:

ದಾಲ್ ಮಿಲ್ ಹುಡುಗ ನನ್ನ ಕೆಲಸ ಹಗುರ ಮಾಡಿಬಿಟ್ಟ. ತಮ್ಮಾ, ನಿನ್ನ ಟೇಲಿಂಗ್‌ನ್ಯಾಗ ಸಿಪ್ಪಿ ಬಿಡದ ಕಾಳೂ ಅದ, ನುಚ್ಚೂ ಅದ. ಎರಡಕ್ಕೂ ಔಷಧ ಬ್ಯಾರೆ. ಮೊದಲ ದಪ್ಪಂದು ನೋಡು, ಯಾಕಂದ್ರ 42 ಪಾಲು ಅಲ್ಲದ.

ಆ 150ರ ಮ್ಯಾಲಿನ ಪುಡಿ ಒಂದ್ ಚಿಟಿಕಿ ಕಾಜಿನ ಮ್ಯಾಲ ಹಾಕಿ ಲೆನ್ಸ್‌ಲಿಂದ ನೋಡ್ಲಿ ನಿನ್ನ ಗೆಳೆಯ. ಬಿಳಿ ಕಲ್ಲಿನ ಮೈಯಾಗ ಹಿತ್ತಾಳಿ ಬಣ್ಣದ ಚುಕ್ಕಿ ಸಿಕ್ಕೊಂಡಿದ್ರ ಅದು ಬಿಡುಗಡಿ ಆಗಿಲ್ಲ, ಬೀಸ್ಬೇಕು. ಹಿತ್ತಾಳಿ ಕಣ ಪೂರಾ ಬಿಡಿಯಾಗಿದ್ದೂ ಟೇಲಿಂಗ್‌ನ್ಯಾಗ ಇದ್ರ ಮಾತು ಬ್ಯಾರೆ, ಆಗ ಗುಳ್ಳಿ ಅದನ್ನ ಹೊರಲಾರದೆ ಬಿಟ್ಟದ ಅಂತ ಅರ್ಥ, ಕಲಕೋ ಇಂಪೆಲ್ಲರ್ ಸವೆದದೇನು ಗಾಳಿ ಸಾಕದೇನು ನೋಡ್ಬೇಕು.

ಇನ್ನ ಸೈಕ್ಲೋನ್. ಇದನ್ನ ಲ್ಯಾಬ್‌ನ್ಯಾಗ ಕುಂತು ತಿಳಿಯಂಗಿಲ್ಲ, ಹೋಗಿ ಬುಡಕ ನಿಂತ್ ನೋಡ್ಬೇಕು. ಕೆಳಗಿನ ಬಾಯಿಂದ ಮಾಲ್ ಛತ್ರಿ ಬಿಚ್ಚಿದಂಗ ಅಗಲಾಗಿ ಬೀಳ್ತಿರ್ಬೇಕು, ನಡುವ ಗಾಳಿ ಎಳಕೋಬೇಕು. ಹಗ್ಗ ಬಿಟ್ಟಂಗ ಒಂದೇ ದಪ್ಪ ಧಾರಿ ಬರ್ಲಕತ್ತಿದ್ರ ಬಾಯಿ ತುಂಬಿ ಬಿಟ್ಟದ, ಕೆಳಗ ಜಾಗ ಸಿಗದ ದಪ್ಪ ಕಣ ಎಲ್ಲಾ ಮ್ಯಾಲಿಂದ ದಾಟಿ ಫ್ಲೋಟೇಷನ್‌ಗೆ ಹೋಗ್ತದ. ಟನೇಜ್ ಹೆಚ್ಚು, ನೀರು ಕಡಿಮಿ, ಆಗದೇ ಇನ್ನೇನ್ ಆಗ್ತದ. ಎಷ್ಟ್ ಸೈಕ್ಲೋನ್ ಅವ, ಎಷ್ಟ್ ನಡೀಲಕತ್ತಾವ? ವೋರ್ಟೆಕ್ಸ್ ಫೈಂಡರ್ (ಮ್ಯಾಲ ಹೋಗೋ ಮಾಲಿನ ಒಳ ಕೊಳವಿ) ತೂತು ಬಿದ್ದದೇನು ಅದನ್ನೂ ಬಿಚ್ಚಿ ನೋಡ್ರಿ, ಸವೆದು ತೂತಾದ್ರ ಫೀಡ್ ನೇರ ಮ್ಯಾಲ ಹೋಗ್ತದ.

---

ಕೃಷ್ಣಾ_ದಂಡಿ, ಯಾದಗಿರಿ:

ಒಪ್ಪಿದೆ, ಆಕ್ಸೈಡ್ ಅಲ್ಲ. ನನ್ನ ನೂರಕ್ಕ ನೂರು ವಾಪಸ್ ತಗೋತೀನಿ. ಆದ್ರ ಬೈಯೋದಿದ್ರ ಮ್ಯಾನೇಜರ್‌ನ ಬೈಬೇಕಲ್ಲ ಕಾಕಾ, ಟನೇಜ್ ಏರಿಸಿದ್ದೇ ತಪ್ಪು, 100ಕ್ಕ ವಾಪಸ್ ತರ್ರಿ ಅಂತ ಬರೆದು ಕೊಡು ತಮ್ಮಾ.

---

ಶಹಾಬಾದ್_ಕಾಕಾ:

ಅಲ್ಲೇ ತಪ್ಪೋದು ನೋಡ್ರಿ. ಹಂಗ ಬರೆದು ಕೊಟ್ರ ಈ ಹುಡುಗ ಮೀಟಿಂಗ್‌ನ್ಯಾಗ ಮುಖಭಂಗ ಆಗಿ ಬರ್ತಾನ. ಹಿಸಾಬ್ ಹಾಕ್ರಿ. 100 ಟನ್ನಿನ್ಯಾಗ ತಾಮ್ರ 1000 ಕಿಲೊ, 88.5% ಅಂದ್ರ ತಾಸಿಗೆ 885 ಕಿಲೊ ಬರ್ತಿತ್ತು. ಈಗ 120 ಟನ್ನಿನ್ಯಾಗ 1200 ಕಿಲೊ, 82.7% ಅಂದ್ರ 992 ಕಿಲೊ. ರಿಕವರಿ ಬಿದ್ದರೂ ತಾಮ್ರ ಹೆಚ್ಚೇ ಬರ್ಲಕತ್ತದ, ಮ್ಯಾನೇಜರ್ ಹುಚ್ಚಲ್ಲ. 120ರ ಮ್ಯಾಲೇ ಇದ್ಕೊಂಡು ಸೈಕ್ಲೋನ್ ಸರಿ ಮಾಡ್ಕೋ, ಅದು ನಿನ್ನ ಕೈಯಾಗಿನ ಕೆಲಸ. ಟನೇಜ್ ನಿನ್ನ ಕೈಯಾಗಿಲ್ಲ.

---

ಬೀದರ್_ಕೆಮಿಸ್ಟ್ರಿ_ಮೇಡಂ:

ಮೂರ್ ಸಣ್ಣ ಮಾತು ಇಲ್ಲಿ ಸೇರಿಸ್ತೀನಿ. ಪಿಎಚ್ 11.5 ಅಂತ ಸ್ಕ್ರೀನ್ ಹೇಳ್ತದಲ್ಲ, ಆ ಪ್ರೋಬ್ ತೆಗೆದು ನೋಡ್ರಿ, ಸುಣ್ಣದ ಪದರ ಗಟ್ಟಿಯಾಗಿ ಕುಂತಿರ್ತದ, ದುರ್ಬಲ ಆಸಿಡ್‌ನ್ಯಾಗ ಅದ್ದಿ ತೊಳೆದು, ಬಫರ್‌ನ್ಯಾಗ ಸರಿ ಮಾಡಿ ಮತ್ತ ಓದ್ರಿ. ಪೈರೈಟ್ ಒತ್ತಾಕ ಬೇಕಾದ್ದಕ್ಕಿಂತ ಹೆಚ್ಚ ಸುಣ್ಣ ಸುರುವಿದ್ರ ರೊಕ್ಕನೂ ಹಾಳು, ಚಾಲ್ಕೊಪೈರೈಟಿಗೂ ಚೊಲೋ ಅಲ್ಲ.

ಇನ್ನ 25 ಗ್ರಾಂ ಜಾಂಥೇಟ್ ಎಲ್ಲಾ ಮೊದಲ ಕಂಡೀಷನರ್‌ನ್ಯಾಗೇ (ಔಷಧ ಕಲಸೋ ತೊಟ್ಟಿ) ಸುರುವ್ತೀರಿ ಅನಿಸ್ತದ. ಕೆಸರಿನ ಕಣಕ್ಕ ಮೈ ಹೆಚ್ಚು, ಅರ್ಧ ಅವೇ ನುಂಗ್ತಾವ, ದಪ್ಪ ಕಣಕ್ಕ ಉಳಿಯಂಗಿಲ್ಲ. ಅಲ್ಲೊಂದ್ 15 ಹಾಕಿ, ಉಳಿದ 10 ಸ್ಕ್ಯಾವೆಂಜರ್ (ತಪ್ಪಿಸ್ಕೊಂಡ ತಾಮ್ರ ಹಿಡಿಯೋ ಕಡೀ ತೊಟ್ಟಿಗಳು) ಹತ್ರ ಹಾಕಿ ನೋಡ್ರಿ, ಖರ್ಚು ಅಷ್ಟೇ. 10ರ ಕೆಳಗಿನ 20 ಪಾಲು ಮಾತ್ರ ಅಷ್ಟ್ ಸುಲಭ ಬರಂಗಿಲ್ಲ, ಅಷ್ಟ್ ಸಣ್ಣ ಕಣ ಗುಳ್ಳಿಗೆ ಡಿಕ್ಕಿನೇ ಹೊಡಿಯಂಗಿಲ್ಲ, ನೀರಿನ ಸೆಳವಿನ್ಯಾಗ ಪಕ್ಕದಿಂದ ಜಾರಿ ಹೋಗ್ತದ. ಅದಕ್ಕ ಗುಳ್ಳಿ ಸಣ್ಣ ಆಗ್ಬೇಕು, ಟೈಮ್ ಬೇಕು. ಅದನ್ನ ಕಡೀಗೆ ಹಿಡೀರಿ.

ಹೊಸಾ ಕಲೆಕ್ಟರ್ ಸ್ಯಾಂಪಲ್ ಎತ್ತಿಡ್ರಿ, ಕೆಟ್ಟದ್ದೇನಲ್ಲ, ಪೈರೈಟಿಗೆ ಕಡಿಮಿ ಹತ್ತೋದಂತೂ ಖರೇ. ಆದ್ರ ಒಂದೇ ವಾರದಾಗ ಸೈಕ್ಲೋನೂ ಬದಲು ಕಲೆಕ್ಟರೂ ಬದಲು ಮಾಡಿದ್ರ ಯಾವುದ್ರಿಂದ ಏನಾಯ್ತು ಅಂತ ದೇವರಿಗೂ ತಿಳಿಯಂಗಿಲ್ಲ. ಮೊದಲ ಲ್ಯಾಬ್ ಸೆಲ್ಲಿನ್ಯಾಗ ಅದೇ ಫೀಡ್ ಹಾಕಿ 1, 3, 6, 12 ನಿಮಿಷಕ್ಕ ನೊರಿ ಬ್ಯಾರೆ ಬ್ಯಾರೆ ತೆಗೆದು ನೋಡ್ರಿ. ಅಂದಂಗ ಎಣ್ಣಿ ಹಿಡಿದು ಅದಿರು ತೇಲಿಸೋ ಮೊದಲಿನ ಪೇಟೆಂಟ್‌ಗಳಾಗ ಒಂದು ಹೆಣ್ಮಗಳದು, ಅಮೆರಿಕಾದ ಕ್ಯಾರಿ ಎವರ್ಸನ್, 1886. ಜಾಂಥೇಟ್ ಬಂದದ್ದು 1925ರಾಗ. ಕ್ಲಾಸಿನ್ಯಾಗ ಹೇಳಿದ್ರ ಹುಡುಗೇರು ನಗ್ತಾವ, ಹುಡುಗ್ರು ಸುಮ್ನಾಗ್ತಾವ.

---

ಸೇಡಂ_ಹುಡುಗ:

ಹನ್ನೊಂದ್ ದಿನ ಆದ ಮ್ಯಾಲ ಬರೀಲಕತ್ತೀನಿ, ಮದುವಿ ಗದ್ಲದಾಗ ಆಗ್ಲಿಲ್ಲ, ಮಾಫ್ ಮಾಡ್ರಿ.

ಲೆನ್ಸ್‌ನ್ಯಾಗ ನೋಡಿದ್ರ ದಪ್ಪ ಕಣದಾಗ ಹೆಚ್ಚಿನವು ಬಿಳಿ ಕಲ್ಲಿಗೆ ಅಂಟಿದ ಹಿತ್ತಾಳಿ ಚುಕ್ಕಿನೇ ಇದ್ವು, ಬಿಡಿ ಕಣ ಅಲ್ಲೊಂದು ಇಲ್ಲೊಂದು. ಸೈಕ್ಲೋನ್ ನಾಲ್ಕು ಅವ, ಮೂರೇ ನಡೀತಿದ್ವು, ನಾಲ್ಕನೇದ್ರ ವಾಲ್ವ್ ಜಾಮ್ ಆಗಿ ಯಾವಾಗಿಂದೋ ಸ್ಟ್ಯಾಂಡ್‌ಬೈ ಅಂತ ಬೋರ್ಡ್ ತೂಗಿ ಬಿಟ್ಟಿದ್ರು. ಗೆಳೆಯ ವಿಡಿಯೊ ಕಳಿಸ್ದ, ಕಾಕಾ ಹೇಳಿದಂಗೇ ಹಗ್ಗ, ಬರೊಬ್ಬರಿ ಹಗ್ಗ! ನಾ ದಿನಾ ಅದ್ರ ಬಾಜುಕಿಂದೇ ನಡ್ಕೊಂತ ಹೋಗ್ತಿದ್ದೆ. ವಾಲ್ವ್ ಬಿಚ್ಚಿ ನಾಲ್ಕನೇದು ಚಾಲು ಮಾಡ್ಯಾರ, ಟೇಲಿಂಗ್ ಥಿಕನರ್ (ಕೆಸರಿಂದ ನೀರು ಬ್ಯಾರೆ ಮಾಡೋ ತೊಟ್ಟಿ) ನೀರನ್ನ ಸಂಪಿಗೆ ತಿರುಗಿಸಿ ಸಾಲಿಡ್ಸ್ 34ಕ್ಕ ತಂದಾರ. ಈಗ ಛತ್ರಿ ಬಿಚ್ಚಿದಂಗ ಬರ್ತದ. 150ರ ಮ್ಯಾಲಿಂದು 18 ಇದ್ದದ್ದು 11ಕ್ಕ ಇಳಿದದ, ಟೇಲಿಂಗ್ ಐದ್ ದಿನದ ಸರಾಸರಿ 0.14. ಕಾನ್ಸಂಟ್ರೇಟ್ 22ಕ್ಕೇ ನಿಂತದ, ರಿಕವರಿ 86.5 ಬಂತು, 120 ಟನ್ನಿನ ಮ್ಯಾಲೇ, ತಾಸಿಗೆ 1038 ಕಿಲೊ ತಾಮ್ರ. ಜಾಂಥೇಟ್ ಒಂದ್ ಗ್ರಾಂ ಹೆಚ್ಚ ಮಾಡಿಲ್ಲ, 15ಕ್ಕ 10 ಒಡೆದು ಹಾಕೋದು ನಿನ್ನಿಯಿಂದ ಚಾಲು ಮಾಡ್ಯಾರ, ಅದ್ರ ನಂಬರ್ ಇನ್ನ ಬಂದಿಲ್ಲ.

ಪ್ರೋಬ್ ತೊಳೆದ್ರ 11.5 ಅಂತ ತೋರ್ಸೋದು ಖರೇ ಅಂದ್ರ 10.7 ಇತ್ತು ಮೇಡಂ. ಎಷ್ಟ್ ದಿನದಿಂದ ಹಂಗಿತ್ತೋ ಗೊತ್ತಿಲ್ಲ.

ನಾಡಿದ್ದು ಸೊಲ್ಲಾಪುರ ಕಡಿ ಗಾಡಿ ಹತ್ತೀನಿ. ಕಾಕಾ, ವೋರ್ಟೆಕ್ಸ್ ಫೈಂಡರ್ ಇನ್ನ ಬಿಚ್ಚಿಲ್ಲ, ಮೂರ್ ಸೈಕ್ಲೋನಿಂದೂ ಶಟ್‌ಡೌನ್ ದಿನ ನಾನೇ ನಿಂತು ಬಿಚ್ಚಸ್ತೀನಿ.

---

ಶಹಾಬಾದ್_ಕಾಕಾ:

ಬಿಚ್ಚಿದ ಮ್ಯಾಲ ಫೋಟೊ ಹಾಕು, ಒಳಗ ಬೆರಳ ಆಡಿಸಿ ನೋಡು, ಕಣ್ಣಿಗೆ ಕಾಣದ ಗೀರು ಬೆರಳಿಗೆ ಸಿಗ್ತದ. ಮತ್ತ ಆ ಸ್ಟ್ಯಾಂಡ್‌ಬೈ ಬೋರ್ಡ್ ತೆಗೆದು ಒಲಿಗೆ ಹಾಕ್ರಿ.